ಅವರು ಯಾವ ‘ನಾವು’ ಅಂದರು

ಪ್ರತಿ ಶನಿವಾರ ಬೆಳಿಗ್ಗೆ ನಾನು ದುಬೈಯ ಅಲ್ ಕುಸೈಸ್‌ನಿಂದ ಹೊರಟು ಅಬುಧಾಬಿಗೆ ಹೋಗುತ್ತೇನೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ಅವಳು ಗೇಟಿನ ನೆರಳಿನಲ್ಲಿ ನಿಂತಿರುತ್ತಾಳೆ. ಕೈಯಲ್ಲಿ ಒಗೆದು ಮಡಚಿದ ಬೈರಾಸು, ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ. ಬೈರಾಸು ಬೇಕಾಗಿಲ್ಲ, ಆಸ್ಪತ್ರೆಯಲ್ಲೇ ಟವೆಲ್ ಕೊಡುತ್ತಾರೆ. ಎಣ್ಣೆ ಹಚ್ಚಬೇಡಿ ಎಂದು ನರ್ಸ್ ಹೇಳಿಯೂ ಆಗಿದೆ. ಆದರೂ ತರುತ್ತಾಳೆ. ಕಾರು ಹತ್ತಿ ಬೆಲ್ಟ್ ಹಾಕಿಕೊಂಡು ಮೊದಲ ಸಿಗ್ನಲ್ ಬರುವುದರೊಳಗೆ ಅದೇ ಪ್ರಶ್ನೆ ಕೇಳುತ್ತಾಳೆ.

“ನೀನು ನನ್ನ ಪಕ್ಕದಲ್ಲೇ ನಿಂತಿದ್ದೆಯಲ್ಲ. ಅವರು ಹೇಳಿದ್ದು ಎಂತದ್ದು?”

ನಾನು ಇಷ್ಟು ದಿನ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಗಲಾಟೆ ಇತ್ತು, ಸರಿಯಾಗಿ ಕೇಳಿಸಲಿಲ್ಲ ಎಂದಿದ್ದೇನೆ. ಈಗ ಅದರಿಂದ ಏನಾಗಬೇಕು ಎಂದಿದ್ದೇನೆ. ಒಂದು ಸಲ ಸಿಟ್ಟಿನಿಂದ, ನಿನಗೆ ಕೇಳಿಸಿದ್ದು ನಿನಗೆ, ನನಗೆ ಕೇಳಿಸಿದ್ದು ನನಗೆ ಎಂದೂ ಹೇಳಿದ್ದೇನೆ. ಯಾವುದೂ ಅವಳಿಗೆ ಉತ್ತರವಲ್ಲ. ಅವಳು ತಿಳಿಯಬೇಕಾದದ್ದು ಒಂದೇ ಶಬ್ದ. ಅಂದು ಊರಿನಿಂದ ಬಂದಿದ್ದ ಮುಖಂಡರು ‘ನಮ’ ಅಂದರೋ ‘ಎಂಕ್ಲು’ ಅಂದರೋ.

ಇದನ್ನು ತುಳು ಬಾರದವರಿಗೆ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡು. ಎದುರಿಗಿರುವವನನ್ನೂ ಸೇರಿಸಿಕೊಂಡರೆ ‘ನಮ’. ಅವನನ್ನು ಬಿಟ್ಟು ಉಳಿದವರಾದರೆ ‘ಎಂಕ್ಲು’. ಮನೆಗೆ ಬಂದ ನೆಂಟನ ಮುಂದೆ ‘ಎಂಕ್ಲು ಉಣ್ಪ’ ಅಂದರೆ, ನಾವು ಊಟ ಮಾಡುತ್ತೇವೆ, ನೀನು ಕೂತಿರು ಎಂದ ಹಾಗೆ. ಮಾತು ಕಲಿಯುವ ಮಕ್ಕಳು ಕೂಡ ಇದರಲ್ಲಿ ತಪ್ಪುವುದಿಲ್ಲ. ಘಟ್ಟದ ಮೇಲಿನಿಂದ ಬಂದು ದೊಡ್ಡವರಾದ ಮೇಲೆ ತುಳು ಕಲಿತವರು ತಪ್ಪುತ್ತಾರೆ. ಅವರ ತಲೆಯಲ್ಲಿ ‘ನಾವು’ ಒಂದೇ ಇರುವುದರಿಂದ, ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ.

ಭಾವ, ಅಂದರೆ ಅಕ್ಕನ ಗಂಡ, ಮುಸಫಾದ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಪಠಾಣ್ ಡ್ರೈವರುಗಳ ಜೊತೆ ಹಿಂದಿ, ಮ್ಯಾನೇಜರ ಜೊತೆ ಇಂಗ್ಲಿಷ್, ಕೇರಳದವರ ಜೊತೆ ಮಲಯಾಳ, ಗೇಟಿನಲ್ಲಿ ಸ್ವಲ್ಪ ಅರಬ್ಬಿ, ಫೋನಿನಲ್ಲಿ ಕನ್ನಡ, ಮನೆಯಲ್ಲಿ ತುಳು. ಒಂದು ಮಧ್ಯಾಹ್ನ ಚಹಾದ ಲೋಟ ಕೈಯಿಂದ ಜಾರಿತು. ಬಗ್ಗಿ ಎತ್ತಲು ಹೋದವರು ಏಳಲಿಲ್ಲ. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಕೆಲವು ದಿನಗಳ ಮೇಲೆ ಮಾತು ಎಂದು ಬಂದದ್ದು ಎರಡೇ ಶಬ್ದ: “ನಮ ಪೋಯಿ.” ನಾವು ಹೋಗುವ, ನೀನೂ ಬಾ, ಎಲ್ಲರೂ ಹೋಗುವ. ಡಾಕ್ಟರು ಬಂದರೆ ನಮ ಪೋಯಿ. ನೆಲ ಒರೆಸುವವನಿಗೆ ನಮ ಪೋಯಿ. ರಕ್ತ ತೆಗೆಯಲು ಬಂದ ಫಿಲಿಪೀನ್ಸಿನ ಹುಡುಗಿಗೂ ಅದೇ. ಅವಳು ಅದನ್ನು ನಮಸ್ಕಾರ ಎಂದುಕೊಂಡು ಪ್ರತಿ ದಿನ ನಗುತ್ತಾ ತಿರುಗಿ “ನಮಪೋಯಿ ಸರ್” ಎನ್ನುತ್ತಿದ್ದಳು. ಪಾರ್ಶ್ವವಾಯು ಬಡಿದಾಗ ಆಮೇಲೆ ಕಲಿತ ಭಾಷೆಗಳು ಮೊದಲು ಹೋಗುವುದುಂಟು ಎಂದು ಡಾಕ್ಟರು ವಿವರಿಸಿದರು. ನಾನು ಅದನ್ನು ಓದಿ ಖಚಿತ ಮಾಡಿಕೊಂಡೆ. ಎಲ್ಲರ ವಿಷಯದಲ್ಲೂ ಹಾಗಾಗುವುದಿಲ್ಲ ಎಂದೂ ಓದಿದೆ. ಆದರೆ ಅಕ್ಕನಿಗೆ ಅದು ವೈದ್ಯಶಾಸ್ತ್ರ ಅಲ್ಲ. ಗಂಡ ಊರಿಗೆ ಹೋಗುವ ಅನ್ನುತ್ತಿದ್ದಾನೆ, ಕರೆದುಕೊಂಡು ಹೋಗಬೇಕು, ಅಷ್ಟೆ.

ಒಂದು ಹಂತದಲ್ಲಿ ಡಾಕ್ಟರೂ ಹೂಂ ಎಂದರು. ಎದೆಯಲ್ಲಿ ಕಟ್ಟಿದ್ದ ಕಫ ಈಗ ಇಳಿದಿದೆ, ಸ್ಟ್ರೆಚರಿನಲ್ಲಿ ಮಲಗಿಸಿ ವಿಮಾನದಲ್ಲಿ ಕರೆದೊಯ್ಯಬಹುದು, ಆದರೆ ತಡ ಮಾಡಬೇಡಿ, ಮತ್ತೊಂದು ಸಲ ಕಫ ಕಟ್ಟಿದರೆ ನಾನು ಬಿಡುವುದಿಲ್ಲ ಎಂದರು. ವಿಮಾನದ ವ್ಯವಸ್ಥೆಗೆ ಭಾವನ ಕಂಪನಿ ಒಪ್ಪಿತು. ಜೊತೆಗೆ ಹೋಗಲು ನರ್ಸ್ ಸಿಕ್ಕಿದರು. ಉಳಿದದ್ದು ಒಂದೇ. ಊರಿನ ಕಡೆ ಯಾವುದಾದರೂ ಆಸ್ಪತ್ರೆ, ಈ ರೋಗಿಗೆ ಐಸಿಯುವಿನಲ್ಲಿ ಹಾಸಿಗೆ ಇಟ್ಟಿದ್ದೇವೆ, ಕಳಿಸಿ ಎಂದು ಖಚಿತವಾಗಿ ಹೇಳಬೇಕು. ಅದಿಲ್ಲದೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ನಾವು ಮಂಗಳೂರಿಗೂ ಅದರ ಆಚೀಚೆಗೂ ಫೋನು ಮಾಡುತ್ತ ಹೋದೆವು. ರೋಗಿ ಬರಲಿ, ಆಮೇಲೆ ನೋಡುವ ಎಂದವರು ಹೆಚ್ಚು. ಹಾಸಿಗೆ ಸಿಗದೆ ರೋಗಿ ಬರುವಂತಿಲ್ಲ, ರೋಗಿ ಬಾರದೆ ಹಾಸಿಗೆ ಇಲ್ಲ. ಅಕ್ಕ ಶಾಲೆಯಲ್ಲಿ ಗಣಿತ ಕಲಿಸುವವಳು. ಇದು ಪರಿಹಾರ ಇಲ್ಲದ ಲೆಕ್ಕ ಎಂದು ಅವಳೇ ಹೇಳಿದ್ದಳು.

ಅದೇ ದಿನಗಳಲ್ಲಿ ಊರಿನಿಂದ ಒಬ್ಬ ಮುಖಂಡರು ಬರುತ್ತಾರೆ ಎಂಬ ಸುದ್ದಿ ಬಂತು. ಯಾವ ಪಕ್ಷ ಎಂದು ಬರೆಯುವುದಿಲ್ಲ. ಇನ್ನೊಂದು ಪಕ್ಷದವರು ಬಂದಿದ್ದರೂ ಹೆಚ್ಚುಕಡಿಮೆ ಇದನ್ನೇ ಬರೆಯುತ್ತಿದ್ದೆ. ಇಲ್ಲಿ ರಾಜಕೀಯ ಸಭೆ ಮಾಡುವಂತಿಲ್ಲ, ಹಾಗಾಗಿ ಆಮಂತ್ರಣದಲ್ಲಿ ‘ಕೌಟುಂಬಿಕ ಸ್ನೇಹಕೂಟ’ ಎಂದಿತ್ತು. ಅದನ್ನು ಹೊಂದಿಸುತ್ತಿದ್ದವರು ದೇರಾದಲ್ಲಿ ಟ್ರಾವೆಲ್ಸ್ ಇಟ್ಟಿರುವ ಉಡುಪಿ ಕಡೆಯವರು. ನಮ್ಮ ನಡುವೆ ಅವರನ್ನು ಕಾರ್ಯದರ್ಶಿಗಳು ಎಂದೇ ಕರೆಯುವುದು. ಎಲ್ಲಿಯ ಕಾರ್ಯದರ್ಶಿ ಎಂದು ಯಾರಿಗೂ ಗೊತ್ತಿಲ್ಲ. ಅವರು ನನಗೆ ಫೋನ್ ಮಾಡಿದರು.

“ಪ್ರೊಫೆಸರ್ರೇ, ನಿಮ್ಮ ರಾಜ್ಯಶಾಸ್ತ್ರ ಇಲ್ಲಿ ಟೆಂಡರ್ ಬರೆದು ಬರೆದು ತುಕ್ಕು ಹಿಡೀತಾ ಉಂಟು. ಒಂದು ನೋಟ್ ಬರೆದು ಕೊಡಿ. ಗಲ್ಫ್ ಕನ್ನಡಿಗರನ್ನು ಪಾರ್ಟಿ ಹೇಗೆ ಮುಟ್ಟಬೇಕು ಅಂತ. ಸಾಹೇಬರು ಓದುವವರು.”

ನಾನು ಪ್ರೊಫೆಸರ್ ಅಲ್ಲ. ಕಟ್ಟಡಗಳ ನಿರ್ವಹಣೆ ನೋಡುವ ಕಂಪನಿಯೊಂದರಲ್ಲಿ ಟೆಂಡರ್ ದಾಖಲೆ ಬರೆಯುತ್ತೇನೆ. ಆದರೂ ಬರೆದೆ. ಯಾರೋ ನನ್ನ ಓದನ್ನು ನೆನಪಿಸಿಕೊಂಡರು ಎಂಬ ಹಿಗ್ಗು ಇರಬಹುದು.

ನಮ್ಮ ಆಫೀಸಿನಲ್ಲಿ ಆಗ ಟೆಕ್ಸಾಸಿನಿಂದ ಬಂದ ಒಬ್ಬ ಹೆಂಗಸು ತರಬೇತಿ ವಿಭಾಗದಲ್ಲಿದ್ದರು. ಅವರ ಅಜ್ಜ ಅಜ್ಜಿ ಮೆಕ್ಸಿಕೋದವರು. ಚಹಾದ ಹೊತ್ತಿನಲ್ಲಿ ಈ ನೋಟಿನ ವಿಷಯ ಹೇಳಿದೆ. ಅವರು ನಕ್ಕರು. ತಮ್ಮ ಕಡೆಯೂ ಚುನಾವಣೆ ಬಂದಾಗ ಪಕ್ಷಗಳಿಗೆ ‘ಲ್ಯಾಟಿನೋ ಮತದಾರರು’ ಎಂಬ ಒಂದೇ ಪ್ರಾಣಿ ಕಾಣುತ್ತದೆಯಂತೆ. ಕ್ಯೂಬಾ ಬಿಟ್ಟು ಓಡಿ ಬಂದವರ ಮಕ್ಕಳು, ಪೋರ್ಟೋರಿಕೋದವರು, ಗಡಿ ಹಾಕುವ ಮೊದಲೇ ಅಲ್ಲಿದ್ದ ಮೆಕ್ಸಿಕೋದವರು, ಮೊನ್ನೆ ವೆನೆಜುವೆಲಾದಿಂದ ಬಂದವರು, ಎಲ್ಲರಿಗೂ ಒಂದೇ ಗಿಟಾರು, ಒಂದೇ ತಿಂಡಿ, ಒಂದೇ ಸ್ಪ್ಯಾನಿಷ್. ಊರಲ್ಲಿ ಇರುವಾಗ ಯಾರೂ ಲ್ಯಾಟಿನೋ ಆಗಿರುವುದಿಲ್ಲ, ಅಮೆರಿಕಕ್ಕೆ ಬಂದ ಮೇಲೆ ಆಗುತ್ತಾರೆ ಎಂದರು. ಅವರ ಅಜ್ಜಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಸ್ಪ್ಯಾನಿಷಿನಲ್ಲಿ ಬರುವ ಪಕ್ಷದ ಕರೆಗಳನ್ನು ಎತ್ತಿ, ಮಗನೇ ನಿನಗೆ ಸ್ಪ್ಯಾನಿಷ್ ಬರುವುದಿಲ್ಲ, ಇಂಗ್ಲಿಷಿನಲ್ಲೇ ಹೇಳು, ನನ್ನ ಕಾಲುನೋವಿನ ಔಷಧಿಯ ವಿಷಯ ಏನು ಮಾಡುತ್ತೀ ಎಂದು ಕೇಳುತ್ತಿದ್ದರಂತೆ. ಆಚೆಯಿಂದ ರೆಕಾರ್ಡ್ ಮಾಡಿದ ದನಿ ತನ್ನ ಪಾಡಿಗೆ ಮಾತಾಡುತ್ತಿತ್ತು.

ನಾನು ಇದನ್ನೆಲ್ಲ ನೋಟಿನಲ್ಲಿ ಸೇರಿಸಿದೆ. ಗಲ್ಫ್ ಕನ್ನಡಿಗ ಎಂಬವನು ಇಲ್ಲ ಎಂದು ಬರೆದೆ. ಸಂಬಳದ ತುಳುವರಿದ್ದಾರೆ, ವ್ಯಾಪಾರದ ಭಟ್ಕಳದ ನವಾಯತರಿದ್ದಾರೆ, ಮನೆಯಲ್ಲಿ ಬ್ಯಾರಿ ಮಾತಾಡುವವರು, ಕೊಂಕಣಿ ಕ್ರೈಸ್ತರು, ಕಲಬುರಗಿಯಿಂದ ಬಂದ ಕ್ರೇನ್ ಆಪರೇಟರುಗಳು ಇದ್ದಾರೆ. ಒಬ್ಬರ ಚಿಂತೆ ಇನ್ನೊಬ್ಬರದಲ್ಲ. ಮತ ಹಾಕಬೇಕಾದರೆ ರಜೆ ಹಾಕಿ ಊರಿಗೇ ಹೋಗಬೇಕು, ಹಾಗೆ ಹೋಗುವವರು ಬೆರಳೆಣಿಕೆ. ಆದರೆ ಇವರು ಫೋನಿನಲ್ಲಿ ಹೇಳಿದ ಮಾತನ್ನು ಊರಿನ ಇಡೀ ಮನೆ ಕೇಳುತ್ತದೆ. ಹಾಗಾಗಿ ಭಾಷಣ ಮಾಡಲು ಬರಬೇಡಿ, ಚುನಾವಣೆ ಇಲ್ಲದ ವರ್ಷ ಬನ್ನಿ, ಲೇಬರ್ ಕ್ಯಾಂಪಿನಲ್ಲೋ ಆಸ್ಪತ್ರೆಯಲ್ಲೋ ಕುಳಿತು ಅವರವರ ಭಾಷೆಯಲ್ಲಿ ಮಾತಾಡಿಸಿ ಕೇಳಿ, ಹೇಳಿದ ಒಂದು ಕೆಲಸವನ್ನಾದರೂ ಮಾಡಿ ತಿರುಗಿ ಬಂದು ತಿಳಿಸಿ ಎಂದು ಬರೆದೆ. ‘ಆಸ್ಪತ್ರೆ’ ಎಂದು ಬರೆಯುವಾಗ ನನ್ನ ಮನಸ್ಸಿನಲ್ಲಿ ಯಾರಿದ್ದರು ಎಂದು ಹೇಳಬೇಕಾಗಿಲ್ಲ.

ಕಾರ್ಯದರ್ಶಿಗಳು ಫೋನ್ ಮಾಡಿ, “ಎಲ್ಲ ಪಸ್ಟ್ ಕ್ಲಾಸ್. ಈ ಲ್ಯಾಟಿನೋದವರನ್ನು ಮಾತ್ರ ತೆಗೆದೆ ಆಯ್ತಾ. ನಮಗೆ ಬೇಕಾದ್ದು ಕುಂದಾಪುರದ ವೋಟು, ಕ್ಯೂಬಾದ್ದಲ್ಲ” ಎಂದರು. ಆಮೇಲೆ ಭಾಷೆಗಳ ಭಾಗ ಸಾಹೇಬರಿಗೆ ತುಂಬ ಹಿಡಿಸಿತು, ಬ್ಯಾನರನ್ನು ತುಳುವಿನಲ್ಲೇ ಮಾಡಿಸಲು ಹೇಳಿದ್ದಾರೆ ಎಂದರು.

ಸ್ನೇಹಕೂಟ ನಡೆದದ್ದು ಅಲ್ ನಹ್ದಾದ ಒಂದು ರೆಸ್ಟೋರೆಂಟಿನ ಪಾರ್ಟಿ ಹಾಲಿನಲ್ಲಿ. ಒಳಗೆ ಕೋರಿ ರೊಟ್ಟಿಯ ವಾಸನೆ, ಹೊರಗೆ ಪಾರ್ಕಿಂಗ್ ಸಿಗದೆ ಸುತ್ತುವ ಕಾರುಗಳು. ಅಕ್ಕ ಅಬುಧಾಬಿಯಿಂದ ಟ್ಯಾಕ್ಸಿಯಲ್ಲಿ ಬಂದಿದ್ದಳು. ರೇಷ್ಮೆ ಸೀರೆ ಉಟ್ಟಿರಲಿಲ್ಲ, ಶಾಲೆಗೆ ಉಡುವ ಹತ್ತಿಯದ್ದೇ. ವೇದಿಕೆಯ ಹಿಂದೆ ದೊಡ್ಡ ಬ್ಯಾನರಿನಲ್ಲಿ ‘ಎಂಕ್ಲು ಮಾತ ಒಂಜೇ’ ಎಂದು ಬರೆದಿತ್ತು. ‘ನಾವೆಲ್ಲ ಒಂದೇ’ ಎಂದು ಯಾರೋ ಬೆಂಗಳೂರಿನಿಂದ ಬರೆದು ಕಳಿಸಿದ್ದನ್ನು ಅಲ್ಲೇ ಯಾರೋ ತುಳು ಮಾಡಿದ್ದಾರೆ. ಅದರ ಅರ್ಥ, ನಾವೆಲ್ಲ ಒಂದೇ, ನಿಮ್ಮನ್ನು ಬಿಟ್ಟು.

ಹಿಂದಿನ ಸಾಲಿನಲ್ಲಿ ಮೊದಲು ಒಬ್ಬರು ನಕ್ಕರು. ನಗು ಮುಂದಿನ ಸಾಲಿನವರೆಗೆ ಹರಿಯಿತು. ನನ್ನ ಪಕ್ಕದಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯವರು ಕುಳಿತಿದ್ದರು. ಭಟ್ಕಳದವರು, ದೇರಾದಲ್ಲಿ ಅತ್ತರಿನ ವ್ಯಾಪಾರ. ಎಲ್ಲ ಸಮುದಾಯದವರೂ ಫೋಟೋದಲ್ಲಿ ಬರಬೇಕೆಂದು ಕಾರ್ಯದರ್ಶಿಗಳು ಅವರನ್ನು ಒತ್ತಾಯದಿಂದ ಕರೆಸಿದ್ದರು. ಯಾಕೆ ನಗುತ್ತಿದ್ದಾರೆ ಎಂದು ಕೇಳಿದರು. ವಿವರಿಸಿದೆ.

“ಹೋ, ಅಷ್ಟೇಯಾ ಮಾಸ್ಟ್ರೇ,” ಎಂದರು ಅವರು. “ನಾವು ಹೊರಗೆ ಅಂತ ನಮಗೆ ಮೊದಲೇ ಗೊತ್ತಿತ್ತು. ನಿಮಗೆ ಇವತ್ತು ಬ್ಯಾನರ್ ಹಾಕಿ ತಿಳಿಸಿದ್ರು.”

ಮುಖಂಡರು ಒಳ್ಳೆಯ ಮಾತುಗಾರರು. ನಾನು ಘಟ್ಟದ ಮೇಲಿನವ, ಕರಾವಳಿಯ ಉಸ್ತುವಾರಿ ವಹಿಸಿಕೊಂಡ ಮೇಲೆ ಒಂದಿಷ್ಟು ತುಳು ಕಲಿತಿದ್ದೇನೆ ಎಂದು ತುಳುವಿನಲ್ಲೇ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಕನ್ನಡಕ್ಕೆ ಹೊರಳಿ, ನೀವು ಮರಳುಗಾಡಿನಲ್ಲಿ ಬೆವರು ಸುರಿಸುವ ನಮ್ಮ ರಾಯಭಾರಿಗಳು ಎಂದರು. ಹಾಲಿನಲ್ಲಿ ಏಸಿ ಎಷ್ಟಿತ್ತೆಂದರೆ ಮಕ್ಕಳು ತಾಯಂದಿರ ಸೆರಗು ಹೊದ್ದಿದ್ದರು. ಭಾಷಣ ಮುಗಿದು ಹುಲಿವೇಷದ ತಾಸೆಯ ಬಡಿತ ಶುರುವಾಯಿತು. ಜನ ಫೋಟೋಕ್ಕೆ ಮುತ್ತಿದರು. ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಮುಂದೆ ಹೋದಳು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆ ಎಂದರೆ, ಈಗ ನನ್ನ ಬಳಿ ಇರುವುದು ನಡೆದದ್ದಲ್ಲ, ನೆನಪಿಸಿಕೊಂಡದ್ದರ ಸವೆದ ಗುರುತು. ಅಕ್ಕ ತುಳುವಿನಲ್ಲಿ ಹೇಳಿದಳು. ಚುಟುಕಾಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು. ಗಂಡ ಹೀಗಿದ್ದಾರೆ, ಊರಿನಲ್ಲಿ ಒಂದು ಹಾಸಿಗೆ ಬೇಕು, ನೀವು ಒಂದು ಫೋನು ಮಾಡಿದರೆ ಸಿಗುತ್ತದೆ. ಮುಖಂಡರು ತಲೆ ಬಾಗಿಸಿ ಕೇಳಿದರು. ನಡುವೆ ಒಬ್ಬರು ಮಗುವನ್ನು ಅವರ ಕೈಗೆ ಕೊಟ್ಟು ಫೋಟೋ ತೆಗೆದರು, ಮುಖಂಡರು ಮಗುವನ್ನು ತಿರುಗಿ ಕೊಟ್ಟು ಮತ್ತೆ ಕೇಳಿದರು. ಅಷ್ಟು ಸೌಜನ್ಯ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಪಕ್ಕದವರಿಗೆ ಬರೆದುಕೊಳ್ಳಿ ಎಂಬಂತೆ ಸನ್ನೆ ಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, ತುಳುವಿನಲ್ಲಿ, ಎರಡು ಶಬ್ದ ಹೇಳಿದರು.

ನನಗೆ ಕೇಳಿಸಿದ್ದು “ನಮ ತೂಕ”. ನೋಡುವ. ನಾನೂ ನೀವೂ ಸೇರಿ ನೋಡುವ. ಅಂದರೆ ಏನೂ ಇಲ್ಲ. ಇದಕ್ಕಿಂತ ಹಗುರವಾದ ಮಾತು ತುಳುವಿನಲ್ಲಿಲ್ಲ. ಅಕ್ಕನಿಗೆ ಕೇಳಿಸಿದ್ದು “ಎಂಕ್ಲು ತೂಪ”. ನಾವು ನೋಡುತ್ತೇವೆ, ನೀವು ಸುಮ್ಮನಿರಿ, ಇದು ಇನ್ನು ನಮ್ಮ ಮೇಲೆ.

ತಾಸೆ ಬಡಿಯುತ್ತಿತ್ತು. ಯಾರೋ ನನ್ನ ಬೆನ್ನಿಗೆ ಮೊಣಕೈ ತಾಗಿಸಿದರು. ಮುಖಂಡರ ಮುಖ ನನ್ನಿಂದ ಅರ್ಧ ಆಚೆ ತಿರುಗಿತ್ತು. ಇನ್ನೊಂದು ವಿಷಯ. ಬ್ಯಾನರಿನಲ್ಲಿ ‘ನಮ’ ಬರಬೇಕಾದ ಕಡೆ ‘ಎಂಕ್ಲು’ ಹಾಕಿಸಿದವರು ಅವರ ಕಡೆಯವರೇ. ಅವರು ‘ಎಂಕ್ಲು’ ಅಂದಿದ್ದರೂ, ತಲೆಯಲ್ಲಿದ್ದದ್ದು ಕನ್ನಡದ ‘ನೋಡೋಣ’ ಮಾತ್ರ ಇರಬಹುದು. ಹಾಗಿದ್ದರೆ ಅಕ್ಕ ಕೇಳಿದ್ದೂ ಸರಿ, ನಾನು ತಿಳಿದದ್ದೂ ಸರಿ.

ಟ್ಯಾಕ್ಸಿಯಲ್ಲಿ ಕೂರುವಾಗ ಅವಳ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಒಂದು ನಿರಾಳ ಕಂಡಿತು. ಇಷ್ಟಂತೂ ನನಗೆ ಖಂಡಿತ ನೆನಪಿದೆ.

ಮರುದಿನದಿಂದ ಅವಳು ಆಸ್ಪತ್ರೆಗಳಿಗೆ ಫೋನು ಮಾಡುವುದನ್ನು ನಿಲ್ಲಿಸಿದಳು. ನಾನು ಕಾರ್ಯದರ್ಶಿಗಳ ಹಿಂದೆ ಬಿದ್ದೆ. ಹೇಳಿದ್ದೇನೆ, ಆಗ್ತದೆ, ಸಾಹೇಬರು ಪ್ರವಾಸದಲ್ಲಿದ್ದಾರೆ ಎನ್ನುತ್ತಿದ್ದರು. ಮುಖಂಡರ ಆಪ್ತ ಸಹಾಯಕರ ನಂಬರನ್ನೂ ಕೊಟ್ಟರು. ಆ ಹುಡುಗ ಒಮ್ಮೆ ಫೋನ್ ಎತ್ತಿ, ಪೇಷಂಟ್ ಯಾವ ಕ್ಷೇತ್ರ, ವೋಟರ್ ಲಿಸ್ಟಿನಲ್ಲಿ ಹೆಸರಿದೆಯಾ ಎಂದು ಕೇಳಿದ. ಇತ್ತು. ಇಲ್ಲಿ ನನಗೆ ಗೊತ್ತಿರುವವರಲ್ಲಿ ಪ್ರತಿ ಚುನಾವಣೆಗೂ ರಜೆ ಹಾಕಿ ಊರಿಗೆ ಹೋಗಿ ಮತ ಹಾಕಿ ಬರುತ್ತಿದ್ದವರು ಭಾವ ಒಬ್ಬರೇ. ನಾನು ಅದನ್ನು ತಮಾಷೆ ಮಾಡುತ್ತಿದ್ದೆ. ಒಂದು ಮತದಿಂದ ಏನೂ ಆಗುವುದಿಲ್ಲ ಎಂದು ಪುಸ್ತಕದ ವಾದ ಹೂಡುತ್ತಿದ್ದೆ. ಯಾರಿಗೆ ಹಾಕಿದಿರಿ ಎಂದರೆ, “ಅದನ್ನು ನಿನ್ನ ಅಕ್ಕನಿಗೇ ಹೇಳಲಿಲ್ಲ, ನಿನಗೆ ಹೇಳ್ತೇನಾ” ಎನ್ನುತ್ತಿದ್ದರು. ಹುಡುಗನಿಗೆ ಕ್ಷೇತ್ರ ಹೇಳಿದೆ. ಅದು ತಮ್ಮ ಕೈಯಲ್ಲಿರುವ ಕ್ಷೇತ್ರ ಅಲ್ಲವಲ್ಲ ಸಾರ್, ಆದರೂ ತಿಳಿಸುತ್ತೇನೆ ಎಂದ.

ಅದೇ ವಾರ ಮೇಲಿನ ಮಹಡಿಯ ಅತ್ತರಿನವರು ನಮ್ಮ ಮನೆಗೆ ಇಳಿದು ಬಂದರು. ಕೂರಲಿಲ್ಲ. ಅವರ ಅಣ್ಣನ ಅಳಿಯ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು, ಮಾತಾಡಿದ್ದಾರೆ, ಹಾಸಿಗೆ ಇದೆ. ಆದರೆ ತುಂಬ ದಿನ ಇಟ್ಟುಕೊಳ್ಳಲು ಆಗುವುದಿಲ್ಲ. “ನಾಳೆ ಸಂಜೆಯೊಳಗೆ ಹೂಂ ಅನ್ನಿ ಮಾಸ್ಟ್ರೇ. ಹೂಂ ಅಂದ್ರೆ ಸಾಕು, ಉಳಿದದ್ದು ಅವ ನೋಡ್ತಾನೆ.”

ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು ಬೇಡ ಎಂದಳು.

ಇದನ್ನು ಬೇರೆಯವರಿಗೆ ಹೇಳಿದಾಗ ಜಾತಿ ಧರ್ಮದ ಸಂಗತಿ ಇರಬೇಕು ಎಂದು ಊಹಿಸುತ್ತಾರೆ. ಅದಲ್ಲ. ಅತ್ತರಿನವರ ಮನೆಯ ಹಬ್ಬದ ಬಿರಿಯಾನಿ ಅವಳಿಗೆ ಅಬುಧಾಬಿಗೂ ಹೋಗುತ್ತಿತ್ತು. ವಿಷಯ ಬೇರೆ. ನಮ್ಮಲ್ಲಿ ಹರಕೆ ಒಂದು ಕಡೆ ಹೇಳಿದ ಮೇಲೆ ಅದೇ ಕೆಲಸಕ್ಕೆ ಇನ್ನೊಂದು ಕಡೆ ಹೇಳುವುದಿಲ್ಲ. ದೈವ ‘ಎಂಕ್ಲು ತೂಪ’ ಎಂದು ಅಭಯ ಕೊಟ್ಟ ಮೇಲೆ ಬೇರೆ ಬಾಗಿಲು ತಟ್ಟಿದರೆ ಮೊದಲಿನದೂ ಕೈ ಬಿಡುತ್ತದೆ, ಎರಡನೆಯದೂ ಹಿಡಿಯುವುದಿಲ್ಲ. ಹುಟ್ಟಿದಾಗಿನಿಂದ ಕೇಳಿ ಬಂದ ಈ ಪದ್ಧತಿಯನ್ನು ಅವಳು ಒಬ್ಬ ರಾಜಕಾರಣಿಗೆ ಅನ್ವಯಿಸಿದಳು. ಗಣಿತದ ಟೀಚರು.

“ದೊಡ್ಡವರಿಗೆ ಹೇಳಿ ಆಗಿದೆ,” ಎಂದಳು. “ಅವರು ಅಲ್ಲಿ ಒಂದು ಹಾಸಿಗೆ ಹಿಡಿದು, ನಾವು ಇಲ್ಲಿ ಇನ್ನೊಂದಕ್ಕೆ ಹೋದರೆ ಅವರ ಮುಖಕ್ಕೆ ಎಂತ ಹೇಳುವುದು?”

“ಅಕ್ಕಾ, ಅವರು ನಮ ತೂಕ ಅಂದದ್ದು.”

“ನಿನಗೆ ಹಾಗೆ ಸರಿಯಾಗಿ ಕೇಳಿಸಿತಾ? ಆಣೆ ಹಾಕಿ ಹೇಳು.”

ಅಲ್ಲಿ ನಾನು ನಿಂತೆ. ವಾದದಲ್ಲಿ ಸಾಕ್ಷಿಯ ನೆನಪನ್ನು ನಂಬಬಾರದು ಎಂದು ಕಲಿತವನು ನಾನು, ಊರವರ ಎಷ್ಟೋ ಕಥೆಗಳನ್ನು ಅದೇ ಮಾತಿನಿಂದ ಕೆಡವಿದವನು. ತಾಸೆಯ ಸದ್ದಿನಲ್ಲಿ, ಅರ್ಧ ತಿರುಗಿದ ಮುಖದಿಂದ ಬಂದ ಎರಡು ಶಬ್ದದ ಮೇಲೆ ಆಣೆ ಹಾಕುವುದು ನನ್ನಿಂದ ಆಗಲಿಲ್ಲ. ಬಹುಶಃ ಎಂದೆ. ಅವಳಿಗೆ ‘ಬಹುಶಃ’ ಇರಲಿಲ್ಲ. ಹಾಗಾಗಿ ಅವಳು ಗೆದ್ದಳು. ಮರುದಿನ ಸಂಜೆ ನಾನು ಮೇಲಿನ ಮಹಡಿಗೆ ಹೋಗಿ, ಬೇರೆ ವ್ಯವಸ್ಥೆ ಆಗಿದೆ ಸಾಹೇಬ್ರೇ ಎಂದು ಹೇಳಿದೆ. ಅವರು ಒಳ್ಳೆಯದಾಯಿತು ಎಂದು ಖುಷಿಯಿಂದಲೇ ಹೇಳಿ ಚಹಾ ಕೊಟ್ಟರು. ಆ ಹಾಸಿಗೆ ಬೇರೆ ಯಾರಿಗೋ ಹೋಯಿತು.

ಭಾವನಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ವಿಮಾನದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ನಮ್ಮನ್ನು ಕರೆದು, ಮೊದಲೇ ಹೇಳಿದ್ದೆನಲ್ಲ ಎಂದು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಸಿರಾಟಕ್ಕೆ ಯಂತ್ರ ಹಾಕಿದರು. ಆಮೇಲೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಗೆ ಇಟ್ಟರು. ನಳಿಗೆ ಇದ್ದರೆ ದನಿ ಹೊರಡುವುದಿಲ್ಲ. ಉಳಿದಿದ್ದ ಎರಡು ಶಬ್ದಗಳೂ ಹೋದವು. ಫಿಲಿಪೀನ್ಸಿನ ಹುಡುಗಿ ಈಗಲೂ ಬರುತ್ತಾಳೆ, “ನಮಪೋಯಿ ಸರ್” ಎನ್ನುತ್ತಾಳೆ. ಅಕ್ಕ ಮುಖ ತಿರುಗಿಸಿಕೊಳ್ಳುತ್ತಾಳೆ.

ಮುಖಂಡರ ಕಡೆಯಿಂದ ಫೋನು ಬರಲೇ ಇಲ್ಲ. ಅವರು ಮರೆತರೋ, ಹೇಳಿಯೂ ಯಾರೂ ಮಾಡಲಿಲ್ಲವೋ, ಬರೆದುಕೊಂಡವನ ಕಿಸೆಯಲ್ಲೇ ಉಳಿಯಿತೋ ತಿಳಿಯದು. ಅವರ ಮೇಲೆ ನನಗೆ ದ್ವೇಷ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ದ್ವೇಷಿಸಲು ಅವರು ಮಾತು ತಪ್ಪಿದ್ದಾರೆ ಎಂದಾದರೂ ಗೊತ್ತಿರಬೇಕು. ಮಾತು ಕೊಟ್ಟಿದ್ದರೆ ತಾನೆ?

ಭಾವನನ್ನು ನೋಡಲು ಅತ್ತರಿನವರು ಒಂದು ಭಾನುವಾರ ಅಬುಧಾಬಿಯವರೆಗೂ ಬಂದರು. ಹಾಸಿಗೆಯ ವಿಷಯ ಎತ್ತಲಿಲ್ಲ. ಹೋಗುವಾಗ ಲಿಫ್ಟಿನ ಹತ್ತಿರ ನನ್ನ ಭುಜ ಹಿಡಿದು, “ಡಾಕ್ಟರ್ ಇನ್ನೊಂದು ಸಲ ಹೂಂ ಅಂದ್ರೆ ನನಗೆ ಹೇಳಿ. ಆವಾಗ ಯಾರನ್ನೂ ಕೇಳ್ಬೇಡಿ, ಅಕ್ಕನವರನ್ನೂ” ಎಂದರು. ಡಾಕ್ಟರು ಇನ್ನೂ ಹೂಂ ಎಂದಿಲ್ಲ. ಹೇಳುವರೆಂದು ನನಗೆ ಅನಿಸುವುದೂ ಇಲ್ಲ.

ಹೋದ ತಿಂಗಳು ಕಾರ್ಯದರ್ಶಿಗಳಿಂದ ಮತ್ತೆ ಫೋನು. ಮತ್ತೆ ಚುನಾವಣೆ ಹತ್ತಿರ ಬಂದಿದೆ. ಮತ್ತೆ ಸ್ನೇಹಕೂಟ, ಮತ್ತೆ ನೋಟ್ ಬೇಕು. ಕಳೆದ ಸಲದ ಅನುಭವದಿಂದ ತುಂಬ ಕಲಿತಿದ್ದೇವೆ ಎಂದರು. ವಾಟ್ಸಾಪಿನಲ್ಲಿ ಹೊಸ ಬ್ಯಾನರಿನ ಚಿತ್ರ ಕಳಿಸಿದರು. ‘ನಮ ಮಾತ ಒಂಜೇ’ ಎಂದಿತ್ತು. ವ್ಯಾಕರಣ ಸರಿಮಾಡಿದ್ದರು. ಕೆಳಗೆ ಸಣ್ಣದಾಗಿ ಬ್ಯಾರಿಯಲ್ಲೂ ಕೊಂಕಣಿಯಲ್ಲೂ ಅದನ್ನೇ ಹಾಕಿದ್ದರು. ಭಾವನನ್ನೂ ಕೇಳಿದರು, ಈಗ ಹೇಗಿದ್ದಾರೆ ಎಂದು. ಹಾಗೇ ಇದ್ದಾರೆ ಎಂದೆ. ಅಯ್ಯೋ ಪಾಪ ಎಂದರು. ಆ ದನಿಯಲ್ಲಿ ಸುಳ್ಳಿರಲಿಲ್ಲ.

ನನ್ನ ನೋಟು ಅವರ ಕೈಯಲ್ಲಿ ಏನಾಯಿತು ಎಂದು ಆ ಬ್ಯಾನರು ನೋಡಿ ತಿಳಿಯಿತು. ಪಕ್ಷಕ್ಕೆ ನಾನು ಹೇಳಿದ್ದು, ಜನ ಬೇರೆ ಬೇರೆ ಇದ್ದಾರೆ, ಅವರವರ ಭಾಷೆಯಲ್ಲಿ ಮಾತಾಡಿ ಎಂದು. ಅವರು ಭಾಷೆಯನ್ನು ಎತ್ತಿಕೊಂಡರು. ಬಂದು ಕೂತು ಕೇಳಿ, ಮಾಡಿ ತೋರಿಸಿ ಎಂದದ್ದು ಹಾಗೇ ಉಳಿಯಿತು. ನನ್ನದೂ ತಪ್ಪು ತಿಳುವಳಿಕೆ ಇತ್ತು. ಬ್ಯಾನರಿನ ‘ಎಂಕ್ಲು’ ನೋಡಿ ಅಂದು ನಾವೆಲ್ಲ ನಕ್ಕೆವು, ನಮ್ಮನ್ನು ಹೊರಗಿಟ್ಟರು ಎಂದು. ಆದರೆ ‘ನಮ’ ಎನ್ನುವವನು ಏನನ್ನೂ ಹೊರುವುದಿಲ್ಲ, ಎಲ್ಲರೂ ಸೇರಿ ನೋಡುವ ಎಂದು ಹೆಗಲ ಮೇಲೆ ಕೈ ಹಾಕುತ್ತಾನೆ ಅಷ್ಟೆ. ‘ಎಂಕ್ಲು’ ಎನ್ನುವವನು ನೀನು ಬೇರೆ, ನಾವು ಬೇರೆ ಎಂದು ಒಪ್ಪಿಕೊಂಡು, ಆಮೇಲೆ ನಿನ್ನ ಕೆಲಸ ನಮ್ಮ ಮೇಲಿರಲಿ ಎನ್ನುತ್ತಾನೆ. ಅಕ್ಕನಿಗೆ ಬೇಕಿದ್ದದ್ದು ಅದು. ಟೆಕ್ಸಾಸಿನ ಆ ಅಜ್ಜಿಗೆ ಬೇಕಿದ್ದದ್ದೂ ಅದೇ ಇರಬೇಕು. ನೀನು ನನ್ನವನು ಎಂದು ನಟಿಸಬೇಡ, ನನ್ನ ಔಷಧಿಗೆ ಏನು ಮಾಡುತ್ತೀ ಹೇಳು. ಕಾರ್ಯದರ್ಶಿಗಳಿಗೆ ಇಷ್ಟನ್ನೇ ಬರೆದು ಕಳಿಸಿದೆ: ‘ನಮ’ ಎನ್ನಬೇಡಿ, ‘ಎಂಕ್ಲು ತೂಪ’ ಎನ್ನಿ, ಆಮೇಲೆ ನೋಡಿ. ಉತ್ತರವಾಗಿ ಹೆಬ್ಬೆರಳು ಎತ್ತಿದ ಚಿತ್ರ ಬಂತು.

ಈ ಶನಿವಾರವೂ ಹೋಗಿದ್ದೆ. ಅಕ್ಕ ಗೇಟಿನ ನೆರಳಿನಲ್ಲಿದ್ದಳು. ಸೊರಗಿದ್ದಾಳೆ. ಶಾಲೆಯವರು ಒಳ್ಳೆಯವರು, ರಜೆ ಕೊಡುತ್ತಾರೆ, ಆದರೆ ರಜೆ ಹಾಕಿ ಮನೆಯಲ್ಲಿ ಕೂತು ಮಾಡುವುದು ಏನು ಎಂದು ಇವಳೇ ಶಾಲೆಗೆ ಹೋಗುತ್ತಾಳೆ. ಬೆಲ್ಟ್ ಹಾಕಿಕೊಂಡಳು. ಸಿಗ್ನಲಿಗೆ ಮೊದಲೇ ಕೇಳಿದಳು.

ನನಗೆ ಆಗ ಒಂದು ಹೊಳೆಯಿತು. ಅವರು ‘ನಮ ತೂಕ’ ಅಂದಿದ್ದರೆ ತಪ್ಪು ಕೇಳಿಸಿಕೊಂಡವಳು ಅಕ್ಕ, ಬಂದ ಹಾಸಿಗೆಯನ್ನು ಬೇಡ ಎಂದವಳೂ ಅವಳು. ‘ಎಂಕ್ಲು ತೂಪ’ ಅಂದಿದ್ದರೆ ತಪ್ಪು ಅವರದು. ಪ್ರತಿ ಶನಿವಾರ ಅವಳು ನನ್ನಿಂದ ಕೇಳುತ್ತಿದ್ದದ್ದು ಶಬ್ದವನ್ನಲ್ಲ. ಯಾರು ಹೊರಬೇಕು ಎಂಬುದನ್ನು.

“ಎಂಕ್ಲು ತೂಪ ಅಂದ್ರು,” ಎಂದೆ.

ಅವಳು ನನ್ನ ಕಡೆ ತಿರುಗಿದಳು. “ನಿನಗೆ ಸಮ ಕೇಳಿಸಿತ್ತಾ?”

“ಸಮ ಕೇಳಿಸಿತ್ತು. ಆಣೆ.”

ಹಾಗೆ ಹೇಳಿದ ಕೂಡಲೇ ನನಗೂ ಹಾಗೇ ಕೇಳಿಸತೊಡಗಿತು. ತಾಸೆಯ ನಡುವೆ ಅವರ ದನಿ, ಸ್ಪಷ್ಟವಾಗಿ, ‘ಎಂಕ್ಲು’. ಇದು ನಿಜವೂ ಇರಬಹುದು. ನನ್ನ ನೆನಪು ಈಗ ಯಾರ ಪರವಾಗಿ ಸಾಕ್ಷಿ ಹೇಳುತ್ತಿದೆ ಎಂದು ನನಗೆ ಗೊತ್ತಿಲ್ಲ. ಅವಳು ಹಗುರಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಹೊರಗೆ ನೋಡುತ್ತ ಕೂತಳು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದ ಮೇಲೆ ಹೇಳಿದಳು:

“ಹಾಗಾದ್ರೆ ಅವರನ್ನೇ ಹೋಗಿ ಹಿಡಿದು ಕೇಳಬೇಕಿತ್ತಲ್ಲ. ಕೇಳಿಸಿದ್ದು ಇಬ್ಬರಿಗೆ. ನಾನು ಆಸ್ಪತ್ರೆಯಲ್ಲಿ ಕಟ್ಟಿಹಾಕಿದ ಹಾಗಿದ್ದೆ. ನೀನು ಎಂತ ಮಾಡ್ತಿದ್ದೆ?”

ಅವಳು ಉತ್ತರಕ್ಕೆ ಕಾಯದೆ ಬಾಟಲಿ ತೆಗೆದುಕೊಂಡು ಇಳಿದಳು.

ಮೇಲೆ, ನರ್ಸ್ ಆಚೆ ಹೋದ ಮೇಲೆ, ಅವಳು ಭಾವನ ಪಾದಕ್ಕೆ ಎಣ್ಣೆ ತಿಕ್ಕಿದಳು. ಅವರ ಕಣ್ಣು ತೆರೆದಿತ್ತು. ನಳಿಗೆಯಲ್ಲಿ ಉಸಿರು ಹೋಗಿ ಬರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರ ತುಟಿ ಅಲುಗಿತು. ‘ನಮ’ ಎಂದರೆ ತುಟಿಗಳು ಕೂಡಬೇಕು, ‘ಎಂಕ್ಲು’ ಎಂದರೆ ಕೂಡುವುದಿಲ್ಲ. ನಾನು ಬಗ್ಗಿ ನೋಡಿದೆ. ಒಮ್ಮೆ ಕೂಡಿದವು. ಕೂಡಿದ ಹಾಗೆ ಕಂಡಿತು.

“ಪೋಯಿ,” ಎಂದಳು ಅಕ್ಕ, ತಲೆ ಎತ್ತದೆ, ಎಣ್ಣೆ ತಿಕ್ಕುತ್ತಾ. “ಪೋಯಿ.”